ಗೆರೆಯೊಳಗಿನ ಸ್ನಾನ

ಫೆಬ್ರವರಿ ೪

ಸ್ವಸ್ಥ ಮನಸ್ಸಿನಿಂದ, ಯಾರ ಒತ್ತಾಯವೂ ಇಲ್ಲದೆ, ಕನ್ನಡಕ ಹಾಕಿಕೊಂಡು ಬರೆದುಕೊಡುವ ತಪ್ಪೊಪ್ಪಿಗೆ: ಈ ದಿನ ಬೆಳಗ್ಗೆ ನಾನು ಪಲ್ಲವಿಯಿಂದ ಹಿಡಿದು ಕೊನೆಯ ಚರಣದವರೆಗೆ ಒಂದು ಇಡೀ ಹಾಡು ಮುಗಿಯುವ ತನಕ ಷವರ್ ಕೆಳಗೆ ನಿಂತಿದ್ದೆ. ಹಾಡು ಮುಗಿದ ಮೇಲೆ, ಕೇಳುವವರು ಯಾರೂ ಇಲ್ಲದಿದ್ದರೂ, ‘ಒನ್ಸ್ ಮೋರ್’ ಎಂದು ನಾನೇ ಕೂಗಿಕೊಂಡು ಪಲ್ಲವಿಯನ್ನು ಮತ್ತೊಮ್ಮೆ ಹಾಡಿದೆ. ಅಪರಾಧ ನಡೆದ ಸ್ಥಳ: ನಮ್ಮ ಜಲವಿಜ್ಞಾನ ವಿಭಾಗದ ಪ್ರಯೋಗಾಲಯದ ಹಿಂದಿನ ಬಚ್ಚಲು. ಅಪರಾಧಿಯ ವೃತ್ತಿ: ನೀರನ್ನು ಮಿತವಾಗಿ ಬಳಸಿರೆಂದು ಊರಿಗೆಲ್ಲ ಹೇಳುವುದು.

ಕೊಳಚೆ ಕೆರೆಗಳಿಗೆ ಇಳಿದು ನೀರಿನ ಮಾದರಿ ತಂದವರು ಮೈ ತೊಳೆದುಕೊಳ್ಳಲಿ ಎಂದು ಕಟ್ಟಿಸಿದ ಬಚ್ಚಲು ಅದು. ನಾನು ಕೆರೆಗೆ ಇಳಿದು ವರ್ಷಗಳೇ ಆದವು. ಅಲ್ಲಿಗೆ ನೀರು ಬರುವುದು ವಿಭಾಗದ ಸ್ವಂತ ಕೊಳವೆ ಬಾವಿಯಿಂದ. ಅದಕ್ಕೆ ಮೀಟರ್ ಇಲ್ಲ. ಬೀಗದ ಕೈ ನನ್ನ ಹತ್ತಿರ ಇದೆ. ಮೀಟರ್ ಇಲ್ಲದ ನೀರು, ಕೀಲಿ ಇರುವ ಮೇಷ್ಟ್ರು. ಬೆಕ್ಕನ್ನು ಹಾಲಿನ ಕಾವಲಿಗೆ ಇಟ್ಟಂತೆ.

ಮನೆಯಲ್ಲಿ ಇದು ಸಾಧ್ಯವಿಲ್ಲ. ಮನೆಯ ಬಚ್ಚಲಲ್ಲಿ ನನ್ನ ಜೀವಮಾನದ ಸಂಶೋಧನೆ ನೀಲಿ ಬಕೆಟ್ಟಿನ ರೂಪದಲ್ಲಿ ಕೂತಿದೆ. ಬಕೆಟ್ಟಿನ ಒಳಗೆ ಅರ್ಧಕ್ಕಿಂತ ತುಸು ಮೇಲೆ ಕೆಂಪು ಬಣ್ಣದ ಒಂದು ಗೆರೆ. ಒಬ್ಬ ವಯಸ್ಕರಿಗೆ, ತಲೆಸ್ನಾನವೂ ಸೇರಿದಂತೆ, ಅಷ್ಟು ನೀರು ಸಾಕು ಎಂಬುದು ನನ್ನ ಸಿದ್ಧಾಂತ. ‘ಗೆರೆ ಪದ್ಧತಿ’ ಎಂದು ಅದಕ್ಕೆ ಹೆಸರು. ಪಠ್ಯಪುಸ್ತಕದಲ್ಲಿದೆ, ಪರೀಕ್ಷೆಯಲ್ಲಿ ಐದು ಅಂಕಕ್ಕೆ ಕೇಳುತ್ತಾರೆ. ನೂರಾರು ಮನೆಗಳು ಬಕೆಟ್ಟಿಗೆ ಗೆರೆ ಎಳೆದುಕೊಂಡಿವೆ. ನನ್ನ ಪ್ರತಿ ಉಪನ್ಯಾಸವೂ ಮುಗಿಯುವುದು ನಮ್ಮ ಮನೆಯ ಮೀಟರಿನ ರೇಖಾಚಿತ್ರದಿಂದ: ಗೆರೆ ಬಂದ ವರ್ಷ ಧೊಪ್ಪನೆ ಬಿದ್ದ ರೇಖೆ ಇಂದಿಗೂ ಎದ್ದಿಲ್ಲ. ‘ನಮ್ಮ ಮನೆಯಲ್ಲಿ ಗೆರೆ ದಾಟಿದವರಿಲ್ಲ’ ಎಂದು ನಾನು ಹೇಳುವುದು, ಸಭೆ ಚಪ್ಪಾಳೆ ತಟ್ಟುವುದು. ಹೇಳಿದ್ದರಲ್ಲಿ ಸುಳ್ಳಿಲ್ಲ. ಮನೆಯಲ್ಲಿ ದಾಟಿಲ್ಲ. ವಿದ್ಯಾರ್ಥಿಗಳದೂ ಒಂದು ಮಾತಿದೆ: ‘ಮೇಷ್ಟ್ರಿಗೆ ಗೆರೆ ಸಿಕ್ಕಿದ ವರ್ಷವೇ ಬೈತಲೆ ಕಳೆದುಹೋಯ್ತು.’ ಅದೂ ನಿಜ. ನನ್ನ ತಲೆ ಈಗ ಬೋಗುಣಿ ಬೋರಲು ಹಾಕಿದ ಹಾಗಿದೆ.

ಬೆಳಗ್ಗೆ ಹೊರಡುವಾಗ ‘ಮಳೆಮಾಪಕ ನೋಡಬೇಕು’ ಎನ್ನುತ್ತೇನೆ. ಮೋಡದ ಚೂರೂ ಇಲ್ಲದ ತಿಂಗಳಲ್ಲೂ ಮಳೆ ಅಳೆಯಲು ಓಡುವ ನನ್ನ ಕರ್ತವ್ಯನಿಷ್ಠೆಯನ್ನು ಹೆಂಡತಿ, ಅಂದರೆ ಇವಳು, ಪಕ್ಕದ ಮನೆಯವರ ಹತ್ತಿರ ಹೊಗಳುತ್ತಾಳೆ.

ಮಾರ್ಚ್ ಕೊನೆಗೆ ನಿವೃತ್ತಿ. ಎಲ್ಲರೂ ‘ಬೇಜಾರಾಗ್ತಿದೆಯಾ ಸಾರ್?’ ಎಂದು ಕೇಳುತ್ತಾರೆ. ಆಗುತ್ತಿದೆ. ಬಚ್ಚಲ ಕೀಲಿಯನ್ನು ವಾಪಸು ಕೊಡಬೇಕಲ್ಲ.

ಫೆಬ್ರವರಿ ೯

ನನ್ನ ಕೈಕೆಳಗಿನ ಕೊನೆಯ ಸಂಶೋಧನಾ ವಿದ್ಯಾರ್ಥಿನಿ ಇಂದು ನಾಲ್ಕನೇ ಅಧ್ಯಾಯ ತಂದಳು. ಅವಳ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ. ವಿಭಾಗದಲ್ಲಿ ಎಲ್ಲರ ಬಾಯಲ್ಲೂ ಅವಳು ‘ಯಾಕ್ಸಾರ್’. ಏನು ಹೇಳಿದರೂ ‘ಯಾಕ್ ಸಾರ್?’ ಎನ್ನುವುದು ಅವಳ ರೂಢಿ. ಗೆರೆ ಪದ್ಧತಿ ಹಿಡಿದ ಮನೆಗಳನ್ನು ಮೂರು ವರ್ಷದಿಂದ ಸುತ್ತುತ್ತಿದ್ದಾಳೆ.

“ಸಾರ್, ಗೆರೆ ಮನೆಗಳಲ್ಲಿ ಮೀಟರ್ ಕಮ್ಮಿ ತೋರಿಸ್ತಿರೋದು ನಿಜ. ಆದರೆ ಆ ಮನೆಗಳ ಬಟ್ಟೆ ಹಗ್ಗದ ಮೇಲೆ ಟವೆಲ್ಲೂ ಕಮ್ಮಿ ಇದೆ.”

“ಬಡವರಿರಬಹುದಮ್ಮ.”

“ಇಲ್ಲ ಸಾರ್. ಮನೇಲಿ ನಾಲ್ಕು ಜನ. ಹಗ್ಗದ ಮೇಲೆ ಒದ್ದೆ ಟವೆಲ್ ಎರಡೇ. ಇನ್ನಿಬ್ಬರು ಎಲ್ಲಿ ಸ್ನಾನ ಮಾಡ್ತಾರೆ?”

ಉತ್ತರವನ್ನೂ ಅವಳೇ ಹೇಳಿದಳು. “ಎಲ್ಲ ಮನೇಲೂ ಕೇಳಿದೆ ಸಾರ್. ಒಬ್ಬರು ಆಫೀಸಲ್ಲಿ. ಒಬ್ಬರು ಜಿಮ್‌ನಲ್ಲಿ. ಇನ್ನೊಬ್ಬರು ತಮ್ಮನ ಮನೇಲಿ ಮುಗಿಸ್ಕೊಂಡು ಬರ್ತಾರೆ. ನೀರು ಉಳೀತಿಲ್ಲ, ಮನೆ ಬದಲಾಯಿಸ್ತಿದೆ ಅಷ್ಟೆ. ಆಚೆ ಹೋಗೋರು ಆಚೆ ಮಾಡ್ಕೊಳ್ತಾರೆ. ಗೆರೆಯೊಳಗೆ ಉಳಿಯೋರು ಮನೇಲೇ ಇರೋರು. ಹೆಚ್ಚಾಗಿ ಹೆಂಗಸರು.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಮುಟ್ಟಿ ನೋಡಿಕೊಳ್ಳುವ ಅಗತ್ಯ ಇರಲಿಲ್ಲ. ಬೆಳಗಿನ ಟವೆಲ್ ನನ್ನ ಕುರ್ಚಿಯ ಬೆನ್ನಿಗೇ ಒಣಗಲು ಬಿದ್ದಿತ್ತು. ಮುಚ್ಚಲೆಂದು ಹಿಂದಕ್ಕೆ ಒರಗಿದೆ. ಬೆನ್ನು ತಣ್ಣಗಾಯಿತು. ಆ ಭಂಗಿಯಲ್ಲೇ, ದೊಡ್ಡ ವಿದ್ವಾಂಸರು ಒರಗುವಂತೆ ಒರಗಿ, “ಟವೆಲ್ ಎಣಿಸೋದು ಮಡಿವಾಳರ ಕೆಲಸ, ವಿಜ್ಞಾನ ಅಲ್ಲ. ಈ ಅಧ್ಯಾಯ ತೆಗಿ,” ಎಂದೆ.

“ಯಾಕ್ ಸಾರ್?”

“ಮೀಟರ್ ಇರುವಾಗ ಟವೆಲ್ ಯಾಕೆ?”

“ಮೀಟರ್ ಮನೇನ ಅಳೆಯುತ್ತೆ ಸಾರ್, ಮನುಷ್ಯರನ್ನಲ್ಲ. ಇದನ್ನ ತೆಗೆದ್ರೆ ಉಳಿಯೋದೇನು? ನೀವು ಬರೆದದ್ದನ್ನೇ ನಾನು ಇನ್ನೊಂದ್ಸಲ ಬರೆದ ಹಾಗಾಗುತ್ತೆ.”

ಅವಳ ಪರಿಸ್ಥಿತಿ ನನಗೆ ಗೊತ್ತು. ನಾನು ನಿವೃತ್ತನಾಗುವ ಮೊದಲು ಸಹಿ ಬೀಳದಿದ್ದರೆ ಅವಳಿಗೆ ಹೊಸ ಮಾರ್ಗದರ್ಶಕರು, ಹೊಸ ತಲೆನೋವು, ಒಂದು ವರ್ಷ ನಷ್ಟ. ವಿದ್ಯಾರ್ಥಿವೇತನವೂ ಮಾರ್ಚಿಗೆ ನಿಲ್ಲುತ್ತದೆ. ಏಪ್ರಿಲಿನಲ್ಲಿ ಒಂದು ಕಾಲೇಜಿನಲ್ಲಿ ಸಂದರ್ಶನ ಇದೆ. ಪ್ರಬಂಧ ಸಲ್ಲಿಸಿದವರಿಗೆ ಮಾತ್ರ. ಅಲ್ಲಿ ಅವಳು ತೋರಿಸಬಹುದಾದ ಸ್ವಂತ ಆಸ್ತಿ ಎಂದರೆ ಈ ನಾಲ್ಕನೇ ಅಧ್ಯಾಯ ಒಂದೇ.

ಅವಳು ಹೋದ ಮೇಲೆ ಕೋಟು ತೆಗೆದು ನೋಡಿದೆ. ಬೆನ್ನಿನ ಮೇಲೆ ಟವೆಲ್ಲಿನ ಆಕಾರದಲ್ಲಿ ಒದ್ದೆ.

ಫೆಬ್ರವರಿ ೧೦

ಇವತ್ತು ಹಾಡಲಿಲ್ಲ. ನೀರು ಬೇಕಾದಷ್ಟಿತ್ತು, ಗಂಟಲು ಒಣಗಿತ್ತು.

ಫೆಬ್ರವರಿ ೧೭

ಒಂದು ವಾರದಿಂದ ಅವಳ ಅಧ್ಯಾಯಕ್ಕೆ ಅಲ್ಪವಿರಾಮ ಹಾಕುತ್ತಿದ್ದೇನೆ. ಪೂರ್ಣವಿರಾಮ ಹಾಕಲು ಧೈರ್ಯವಿಲ್ಲದವನು ಮಾಡುವ ಕೆಲಸ ಅದು. ಒಂದು ದಿನ ‘ಸೋರಿಕೆ’ಯನ್ನು ‘ಸೋರುವಿಕೆ’ ಮಾಡು ಎಂದೆ, ಮರುದಿನ ‘ಸೋರುವಿಕೆ’ಯನ್ನು ‘ಸೋರಿಕೆ’ ಮಾಡಿಸಿದೆ. ಅವಳು ಎರಡನ್ನೂ ಮಾಡಿಕೊಂಡು ಬಂದಳು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎಂದು ಅವಳಿಗೂ ಗೊತ್ತು. ಕಣ್ಣ ಕೆಳಗೆ ಕಪ್ಪು ಬಂದಿದೆ. ಕಂಡೂ ಕಾಣದವನಂತೆ ಇದ್ದೆ.

ಹೊರಡುವಾಗ ಬಾಗಿಲಲ್ಲಿ ನಿಂತು, “ಸಾರ್, ಎಲ್ಲ ಮನೆ ನೋಡಿದೆ. ಮೊದಲನೇ ಮನೆ ಮಾತ್ರ ಬಾಕಿ,” ಅಂದಳು.

“ಯಾವುದದು?”

“ನಿಮ್ದು. ಮಾದರಿ ಮನೆ.”

ಬೇಡ ಎನ್ನಲು ಕಾರಣ ಬೇಕಲ್ಲ. ಭಾನುವಾರ ಬಾ ಎಂದೆ.

ಫೆಬ್ರವರಿ ೨೨

ಇವತ್ತಿನದು ಬರೆಯಲೇಬೇಕು. ನಗುವುದೋ ಅಳುವುದೋ ತಿಳಿಯುತ್ತಿಲ್ಲ.

ಅವಳು ಬರುವ ಮೊದಲು ಹಗ್ಗದ ಮೇಲೆ ನನ್ನದೊಂದು ಟವೆಲ್ ಇರಬೇಕಿತ್ತು. ಎಂದಿನಂತೆ ಲ್ಯಾಬಿಗೆ ಹೋದೆ, ಎಂದಿನಂತೆ ಮಿಂದೆ. ಆಮೇಲೆ ಟವೆಲ್ಲನ್ನು ಮನೆಗೆ ತಂದೆ. ದಾರಿಯಲ್ಲಿ ಬಿಸಿಲಿಗೆ ಅದು ಗರಿಗರಿಯಾಗಿ ಒಣಗಿಬಿಟ್ಟಿತು! ವಿಧಿಯಿಲ್ಲದೆ ಹಿತ್ತಲ ನಲ್ಲಿ ತಿರುಗಿಸಿ ಅದನ್ನು ಚೆನ್ನಾಗಿ ನೆನೆಸಿ, ಇವಳ ಟವೆಲ್ಲಿನ ಪಕ್ಕದಲ್ಲಿ ಹರವಿದೆ. ಸ್ನಾನ ಮಾಡಿದ್ದೇನೆಂದು ತೋರಿಸಲು ನೀರು ಖರ್ಚು ಮಾಡಿದ ಮೊದಲ ಜಲತಜ್ಞ ನಾನೇ ಇರಬೇಕು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆಗೆ ನಾನು ಬದನೆಕಾಯಿ ಒಣಗಿಸುವ ವಿಧಾನವನ್ನೂ ಸೇರಿಸಿದೆ.

ಇವಳು ಹಿತ್ತಲಿಗೆ ಬಂದಳು. ಟವೆಲ್ ನೋಡಿದಳು, ತುದಿ ಹಿಂಡಿದಳು, ಮೂಗಿಗೆ ಹಿಡಿದಳು.

“ಏನ್ರೀ ಇದು?”

“ಟವೆಲ್ ಕಣೇ. ಸ್ನಾನ ಮಾಡಿದೆ.”

“ಹೌದು, ಮಾಡಿದೆ. ಟವೆಲ್ ಮಾಡಿದೆ ಸ್ನಾನ, ನೀವಲ್ಲ. ಸೋಪಿನ ವಾಸನೆ ಇರೋದು ನಿಮ್ಮ ಮೈಮೇಲೆ, ನೀರಿರೋದು ಇದರ ಮೈಮೇಲೆ.”

ಅಷ್ಟರಲ್ಲಿ ಗೇಟು ಸದ್ದಾಯಿತು. ಯಾಕ್ಸಾರ್ ಒಳಗೆ ಬಂದು, ಚಪ್ಪಲಿ ಬಿಟ್ಟು, ಹಿತ್ತಲ ಹಗ್ಗದ ಮುಂದೆ ನಿಂತಳು. “ಇದು ಸಾರ್‌ದಾ ಮೇಡಂ?”

ಇವಳು ನನ್ನನ್ನು ಒಮ್ಮೆ ನೋಡಿದಳು. “ಹಗ್ಗದ ಮೇಲೆ ಇದೆಯಲ್ಲಮ್ಮ. ಕಂಡದ್ದನ್ನ ನೀನೇ ಬರ್ಕೋ,” ಎಂದು ಒಳಗೆ ನಡೆದಳು. ಹುಡುಗಿ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು. ಟವೆಲ್ಲನ್ನಲ್ಲ, ಅದರ ಕೆಳಗಿನ ನೆಲವನ್ನು ನೋಡುತ್ತಿದ್ದಳು.

ಆಮೇಲೆ ಇಬ್ಬರೂ ಅಡುಗೆಮನೆಯಲ್ಲಿ ಕೂತರು. ನಾನು ಹಜಾರದಲ್ಲಿ ಪೇಪರು ಹಿಡಿದಿದ್ದೆ. ತಲೆಕೆಳಗಾಗಿ ಹಿಡಿದಿದ್ದೆನೆಂದು ಆಮೇಲೆ ತಿಳಿಯಿತು.

“ಗೆರೆ ಸಾಲುತ್ತಾ ಮೇಡಂ?”

“ಮೈಗೆ ಹೇಗೋ ಸಾಲುತ್ತಮ್ಮ. ತಲೆಗೆ ಸಾಲ್ತಿರಲಿಲ್ಲ. ಆಗ ನನ್ನ ಜಡೆ ಇಲ್ಲೀವರೆಗೂ ಇತ್ತು. ಸೀಗೆ ಹೋಗೋ ಹೊತ್ತಿಗೆ ನೀರು ಮುಗಿದಿರೋದು. ತಲೆಯೆಲ್ಲ ಕೆರೆತ, ಹೊಟ್ಟು. ಎರಡು ವರ್ಷ ನೋಡಿದೆ. ಒಂದಿನ ಕತ್ತರಿಸಿಬಿಟ್ಟೆ.”

“ಯಾಕ್ ಮೇಡಂ, ಸಾರ್‌ಗೆ ಹೇಳ್ಲಿಲ್ವಾ?”

“ಅವರು ನನ್ನ ಕೇಳ್ಲಿಲ್ಲ. ಮೀಟರನ್ನ ಕೇಳ್ತಿದ್ರು.”

ಆ ಜಡೆ ಹೋದ ದಿನ ನನಗೆ ನೆನಪಿದೆ. ‘ಹೊಸ ಫ್ಯಾಷನ್ನಾ?’ ಎಂದು ಕೇಳಿದ್ದೆ. ‘ಹೂಂ’ ಎಂದಿದ್ದಳು. ಅದಾದ ಮೇಲಿನ ಪ್ರತಿ ಉಪನ್ಯಾಸದಲ್ಲೂ ಹೇಳುತ್ತೇನೆ: ‘ನನ್ನ ಸಂಶೋಧನೆಗೆ ಸರ್ಕಾರ ಅನುದಾನ ಕೊಟ್ಟಿತು, ನಮ್ಮ ಮನೆಯವರು ಜಡೆ ಕೊಟ್ಟರು.’ ಎಲ್ಲ ಊರಲ್ಲೂ ನಗು ಬಿದ್ದಿದೆ. ಅದು ತಮಾಷೆ ಎಂದು ನಾನೂ ತಿಳಿದಿದ್ದೆ.

ಮಾರ್ಚ್ ೩

ಯಾಕ್ಸಾರ್ ಬಂದು ಬಾಗಿಲು ಹಾಕಿಕೊಂಡು ಕೂತಳು.

“ಸಾರ್, ನಿಮ್ಮ ಟವೆಲ್ ತೊಟ್ಟಿಕ್ತಾ ಇತ್ತು.”

“ಹೂಂ?”

“ಮೈ ಒರೆಸಿದ ಟವೆಲ್ ತೊಟ್ಟಿಕ್ಕಲ್ಲ ಸಾರ್. ಇಷ್ಟು ಮನೆ ಸುತ್ತಿದೀನಿ, ಒಂದರ ಕೆಳಗೂ ನೆಲ ಒದ್ದೆ ಆಗಿದ್ದನ್ನ ಕಂಡಿಲ್ಲ.”

ನೀರಿನ ಬಗ್ಗೆ ಹದಿನಾಲ್ಕು ಪುಸ್ತಕ ಬರೆದ ನನಗೆ, ಒಂದು ಮೈ ಒಂದು ಟವೆಲ್ಲಿಗೆ ಎಷ್ಟು ನೀರು ಕೊಡುತ್ತದೆ ಎಂಬುದು ಗೊತ್ತಿರಲಿಲ್ಲ. ಮುಖದ ಮೇಲೆ ಇದ್ದ ನೀರೂ ಇಳಿಯಿತು.

ಅವಳ ಧ್ವನಿಯಲ್ಲಿ ಗೆದ್ದ ಹಮ್ಮಿರಲಿಲ್ಲ, ಅದೇ ಕಷ್ಟವಾದದ್ದು. “ಸಾರ್, ಮೊದಲನೇ ಮನೆ ಇಡ್ಲಾ, ಬಿಡ್ಲಾ? ಬಿಟ್ಟರೆ ‘ಮಾದರಿ ಮನೆ ಅಧ್ಯಯನಕ್ಕೆ ಸಿಗಲಿಲ್ಲ’ ಅಂತ ಬರೀತೀನಿ. ಪರೀಕ್ಷಕರು ಬೈತಾರೆ, ಆದರೆ ಅಧ್ಯಾಯ ಉಳಿಯುತ್ತೆ. ಇಟ್ಟರೆ ಇದ್ದದ್ದನ್ನ ಇದ್ದ ಹಾಗೇ ಬರೀಬೇಕು.”

ಅಧ್ಯಾಯವನ್ನೇ ತೆಗೆ ಎಂದಿದ್ದ ನನಗೆ ಅವಳೇ ಅರ್ಧ ದಾರಿ ಬಿಟ್ಟುಕೊಟ್ಟಿದ್ದಳು. ತನ್ನ ಪ್ರಬಂಧದ ನಡುವೆ ನನಗಾಗಿ ಒಂದು ತೂತು ಕೊರೆಯಲು ಸಿದ್ಧಳಾಗಿದ್ದಳು. ಮನೆ ಮನೆ ಸುತ್ತಿ ಮೊದಲನೇ ಮನೆಗೇ ಹೋಗಲಿಲ್ಲವೆಂದರೆ ಯಾವ ಪರೀಕ್ಷಕ ಒಪ್ಪುತ್ತಾನೆ? ನನಗೆ ಗೊತ್ತಿತ್ತು.

“ಬಿಡು,” ಎಂದೆ.

“ಸರಿ ಸಾರ್.”

ಮಾರ್ಚ್ ೪

ನಿನ್ನೆ ಅವಳು ‘ಯಾಕೆ’ ಎನ್ನಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ.

ಮಾರ್ಚ್ ೧೫

ಲ್ಯಾಬಿನ ಬಚ್ಚಲಿಗೆ ಹೋಗುತ್ತಲೇ ಇದ್ದೇನೆ. ಬರೆದಿಡುತ್ತಿದ್ದೇನೆ, ಏಕೆಂದರೆ ಬರೆಯದಿದ್ದರೆ ಬಿಟ್ಟುಬಿಟ್ಟೆ ಎಂದು ನಾನೇ ನಂಬಿಬಿಡಬಹುದು. ಈಗ ಬೇಗ ಮುಗಿಸುತ್ತೇನೆ. ಕಳ್ಳ ಚೂರು ಕಡಿಮೆ ಕದ್ದರೆ ಪುಣ್ಯ ಬರುತ್ತದೆಯೇ?

ಇಂದು ಬೆಳಗ್ಗೆ ಹೊರಡುವಾಗ ಇವಳು ಬಾಗಿಲಿಗೆ ಬಂದು, “ಮಳೆಮಾಪಕಕ್ಕೆ ಸೋಪು ತಗೊಂಡ್ರಾ?” ಎಂದು ಕೇಳಿದಳು.

ಮೆಟ್ಟಿಲ ಮೇಲೇ ನಿಂತೆ. “ಯಾವಾಗಿಂದ ಗೊತ್ತು?”

“ಮಳೆ ಅಳೆಯೋಕೆ ಹೋದ ಗಂಡ ಮಳೆ ಬಾರದ ದಿನಾನೂ ಒದ್ದೆ ಕಿವಿ ಇಟ್ಕೊಂಡು ಬಂದ್ರೆ ಯಾವಾಗಿಂದ ಗೊತ್ತಾಗುತ್ತೆ? ಮೊದಲನೇ ವಾರದಿಂದ.”

“ಮತ್ತೆ ಪಕ್ಕದ ಮನೆಯವರ ಹತ್ರ ಹೊಗಳ್ತಿದ್ದೆಯಲ್ಲ?”

“ನಿಮ್ಮ ಕಿವಿಗೆ ಬೀಳಲಿ ಅಂತಲೇ ಜೋರಾಗಿ ಹೇಳ್ತಿದ್ದೆ. ನಾಚಿಕೆ ಆಗಬಹುದೇನೋ ಅಂತ. ನೀವು ಎದೆ ಉಬ್ಬಿಸ್ಕೊಂಡು ಹೋಗ್ತಿದ್ರಿ.”

“ಬೈಯಬಹುದಿತ್ತಲ್ಲೇ.”

“ಊರೆಲ್ಲ ಚಪ್ಪಾಳೆ ತಟ್ತಿತ್ತು. ನಾನೊಬ್ಬಳು ಎದ್ದು ನಿಂತು ತಲೆ ಕೆರೀತಿದೆ ಅನ್ನಲಾ? ನನ್ನದು ಹೋಯ್ತು, ಬಿಡಿ. ಆ ಹುಡುಗೀದು ಯಾಕ್ರೀ ತಡೀತಿದೀರಾ? ಅವಳೊಬ್ಬಳೇ ನನ್ನ ಕೇಳಿದ್ದು. ಅದನ್ನೂ ಪುಸ್ತಕದಿಂದ ತೆಗೆಸಿದ್ರಂತೆ, ಫೋನಲ್ಲಿ ಕೇಳಿದ್ರೆ ಹೇಳಿದ್ಲು.”

‘ಬಿಡು’ ಎಂದಾಗ ನಾನು ಬಿಡಿಸಿದ್ದು ನನ್ನನ್ನು ಮಾತ್ರ ಎಂದುಕೊಂಡಿದ್ದೆ. ಆ ಮನೆಯಲ್ಲಿ ಇವಳೂ ಇದ್ದಳು ಎಂಬುದು ಹೊಳೆದಿರಲೇ ಇಲ್ಲ.

ಮಾರ್ಚ್ ೩೦

ವಿದಾಯ ಉಪನ್ಯಾಸ. ಸಭಾಂಗಣ ತುಂಬಿತ್ತು. ಇವಳು ಮೊದಲ ಸಾಲಿನಲ್ಲಿ, ಯಾಕ್ಸಾರ್ ಕಂಬದ ಪಕ್ಕ.

ಹೇಳಿಬಿಡಬೇಕೆಂದೇ ಹೋಗಿದ್ದೆ. ನೀರಿಗೆ ಇಳಿದ ಮೇಲೆ ಚಳಿಯೇನು, ಮಳೆಯೇನು? ಮೈಕು ಸರಿಮಾಡಿಕೊಂಡು ಶುರುಮಾಡಿದೆ: “ಮಹನೀಯರೇ, ನಿಮ್ಮ ಮುಂದೆ ನಿಂತಿರುವವನು ಕಳ್ಳ. ನೀವೆಲ್ಲ ಗೆರೆಯೊಳಗೆ ಸ್ನಾನ ಮಾಡಿ ಅಂತ ಹೇಳಿ, ನಾನು ಲ್ಯಾಬಿನ ಷವರ್ ಕೆಳಗೆ ಹಾಡು ಹಾಡ್ತಿದ್ದೆ.”

ಸಭೆ ಬಿದ್ದು ಬಿದ್ದು ನಕ್ಕಿತು.

“ತಮಾಷೆ ಅಲ್ಲ,” ಎಂದೆ. ಇನ್ನೂ ಜೋರಾಗಿ ನಕ್ಕರು. ಜೀವಮಾನವಿಡೀ ನಗಿಸಿದವನು ‘ಇದು ತಮಾಷೆ ಅಲ್ಲ’ ಎಂದರೆ ಅದಕ್ಕಿಂತ ದೊಡ್ಡ ತಮಾಷೆ ಉಂಟೇ? ವಿಭಾಗದ ಮುಖ್ಯಸ್ಥರು ಕಣ್ಣು ಒರೆಸಿಕೊಳ್ಳುತ್ತ, “ಯಾವ ಹಾಡು ಸಾರ್?” ಎಂದು ಕೂಗಿದರು.

ಇನ್ನೊಮ್ಮೆ, ಮುಖ ಗಂಟಿಕ್ಕಿ, ನೆಟ್ಟಗೆ ಹೇಳಬಹುದಿತ್ತು. ಒಂದು ಕ್ಷಣ ಅದಕ್ಕೆ ಬಾಯಿಯನ್ನೂ ತೆರೆದೆ. ತೆರೆದ ಬಾಯಿಂದ ಬಂದದ್ದು ಹಾಡಿನ ಎರಡು ಸಾಲು. ಹಾಡಿಬಿಟ್ಟೆ, ದೇವರೇ, ಗಮಕದ ಸಮೇತ! ಚಪ್ಪಾಳೆ. ಆಮೇಲೆ ಪರದೆಯ ಮೇಲೆ ನಮ್ಮ ಮನೆಯ ಮೀಟರಿನ ರೇಖೆ ಬಂತು. ಮತ್ತೆ ಚಪ್ಪಾಳೆ. ಕೈ ಮುಗಿದೆ.

ಇಬ್ಬರು ನಗಲಿಲ್ಲ. ಯಾಕ್ಸಾರ್ ನೆಲ ನೋಡುತ್ತಿದ್ದಳು. ಇವಳ ಕೈ ಕುತ್ತಿಗೆಯ ಹಿಂದಕ್ಕೆ ಹೋಯಿತು, ಹಿಂದೆ ಜಡೆ ಇದ್ದ ಜಾಗಕ್ಕೆ. ಏನೂ ಸಿಗದೆ ಮಡಿಲಿಗೆ ವಾಪಸು ಬಂತು.

ಮನೆಗೆ ಬರುತ್ತ, “ಹೇಳಿದೆನಲ್ಲೇ. ನಂಬಲಿಲ್ಲ,” ಎಂದೆ.

“ನಂಬದೇ ಇರೋ ಹಾಗೆ ಹೇಳಿದ್ರಿ,” ಎಂದಳು.

ಮಾರ್ಚ್ ೩೧

ಬೆಳಗ್ಗೆಯೇ ಯಾಕ್ಸಾರ್‌ಳನ್ನು ಕರೆಸಿದೆ. ನಾಲ್ಕನೇ ಅಧ್ಯಾಯ ತರಿಸಿ, ‘ಮಾದರಿ ಮನೆ ಅಧ್ಯಯನಕ್ಕೆ ಸಿಗಲಿಲ್ಲ’ ಎಂಬ ಸಾಲನ್ನು ಹೊಡೆದು ಹಾಕಿ, ಪಕ್ಕದಲ್ಲಿ ನನ್ನ ಕೈಯಲ್ಲೇ ಬರೆದೆ: ‘ಮೊದಲನೇ ಮನೆ. ಹೆಂಡತಿ: ಗೆರೆಯೊಳಗೆ. ಗಂಡ: ಮನೆಯ ಹೊರಗೆ, ಪ್ರತಿದಿನ.’ ಇಷ್ಟು ಚಿಕ್ಕ ವಾಕ್ಯಗಳನ್ನು ನಾನು ಈವರೆಗೆ ಬರೆದಿರಲಿಲ್ಲ. ಅಲಂಕಾರ ಇಲ್ಲ, ಶ್ಲೇಷೆ ಇಲ್ಲ. “ಇದನ್ನ ಹೀಗೇ ಟೈಪ್ ಮಾಡಿಸು. ಮನೆಯವರು ಅಡುಗೆಮನೇಲಿ ಹೇಳಿದ್ದನ್ನ ಪೂರ್ತಿ ಹಾಕು,” ಎಂದು ಹೇಳಿ ಕೊನೆಯ ಪುಟಕ್ಕೆ ಸಹಿ ಮಾಡಿದೆ. ಲ್ಯಾಬಿನ ಬಚ್ಚಲ ಕೀಲಿಯನ್ನೂ ಅವಳ ಮುಂದಿಟ್ಟೆ.

ಅವಳು ಪುಟ ನೋಡಿದಳು, ನನ್ನನ್ನು ನೋಡಿದಳು.

“ಯಾಕ್ ಸಾರ್?”

ಆ ಎರಡು ಪದ ಕೇಳಿ ಎಷ್ಟು ದಿನವಾಗಿತ್ತು! “ಅಲ್ಪವಿರಾಮ ಖರ್ಚಾಗಿ ಹೋಯ್ತಮ್ಮ,” ಎಂದೆ.

ನಕ್ಕಳು. ಕಾಗದ ಜೋಡಿಸಿಕೊಂಡು ಎದ್ದವಳು ಮತ್ತೆ ಕೂತಳು. “ಸಾರ್, ಒಂದು ಪ್ರಶ್ನೆ ಉಳೀತು. ಗೆರೆ ಸಾಲುತ್ತಾ ಅಂತ ಎಲ್ಲ ಮನೆಗಳಲ್ಲೂ ಎಲ್ಲರನ್ನೂ ಕೇಳಿದೀನಿ. ನಿಮ್ಮನ್ನ ಕೇಳಿಲ್ಲ.”

“ಸಾಲುತ್ತೆ, ಬರ್ಕೋ.” ಎದೆ ತಾನಾಗಿಯೇ ಉಬ್ಬಿತು. “ನಾನು ತಪ್ಪು ಮಾಡಿರಬಹುದು, ನನ್ನ ಗೆರೆ ಮಾಡಿಲ್ಲ. ಉದ್ದ ಕೂದಲು ಇರೋರಿಗೆ ತುಸು ಹೆಚ್ಚು ಬೇಕು ಅಂತ ಒಪ್ಕೋತೀನಿ, ತಿದ್ದುಪಡಿ ಹಾಕು. ಆದರೆ ಈ ತಲೆ ನೋಡು! ನನಗೆ ಗೆರೆಯಲ್ಲಿ ಅರ್ಧ ಸಾಕು. ಮಿಕ್ಕಿದ್ದರಲ್ಲಿ ಟವೆಲ್ ಒಗೆದು ಹಾಕ್ತೀನಿ.”

“ನಾಳೆಯಿಂದ ಹೇಗೂ ಮನೇಲೇ ಅಲ್ವಾ ಸಾರ್? ಮಾಡಿ ನೋಡಿ ಹೇಳಿ. ನಾಡಿದ್ದು ಸಲ್ಲಿಸೋದು. ಆ ಒಂದು ಸಾಲಿಗೆ ಜಾಗ ಬಿಟ್ಟಿರ್ತೀನಿ.”

ಏಪ್ರಿಲ್ ೧

ನಿವೃತ್ತಿಯ ಮೊದಲ ದಿನ. ತಾರೀಖು ಸರಿಯಾಗಿಯೇ ಇದೆ.

ನೀಲಿ ಬಕೆಟ್ಟಿಗೆ ಸರಿಯಾಗಿ ಗೆರೆಯವರೆಗೆ ನೀರು ಹಿಡಿದೆ. ಇವಳು ಬಚ್ಚಲ ಬಾಗಿಲಲ್ಲಿ ನಿಂತು, “ಮೊದಲೇ ತಲೆಗೆ ಸುರ್ಕೋಬೇಡಿ. ಸೋಪೂ ಸ್ವಲ್ಪಾನೇ ಹಚ್ಚಿ,” ಎಂದಳು.

“ಗೆರೆ ಎಳೆದವನಿಗೆ ಪಾಠ ಹೇಳ್ತೀಯೇನೇ?” ಎಂದು ಬಾಗಿಲು ಹಾಕಿಕೊಂಡೆ.

ಮೊದಲ ಚೊಂಬು ತಲೆಗೆ. ಎರಡನೆಯದೂ ತಲೆಗೆ, ಹಿತವಾಗಿತ್ತು. ಹಾಡೂ ಬಂತು, ತಾಳಕ್ಕೊಂದು ಚೊಂಬಿನಂತೆ ಮೈಮೇಲೆ ಸುರಿದುಕೊಂಡೆ. ಸೋಪನ್ನು ಬೋಳು ತಲೆಯಿಂದ ಹಿಮ್ಮಡಿಯವರೆಗೆ ನೊರೆನೊರೆಯಾಗಿ ಹಚ್ಚಿಕೊಂಡೆ. ಪಲ್ಲವಿ ಮುಗಿದು ಚರಣಕ್ಕೆ ಬಂದಿದ್ದೆ. ಕಣ್ಣು ಮುಚ್ಚಿಕೊಂಡೇ ಚೊಂಬು ಇಳಿಬಿಟ್ಟೆ. ಕರ್ರ್ ಎಂದು ತಳ ಕೆರೆದ ಸದ್ದು. ಸಿಕ್ಕಿದ್ದು ಅಂಗೈ ನೆನೆಯುವಷ್ಟು. ಕಣ್ಣು ಉರಿಯಲು ಶುರುವಾಯಿತು. ಕಿವಿಯಲ್ಲಿ ನೊರೆ ಸಿಡಿಯುವ ಸದ್ದು. ಬಕೆಟ್ಟು ತಡವರಿಸಿ ಎತ್ತಿ ಬಗ್ಗಿಸಿಕೊಂಡೆ. ಎರಡು ಹನಿ ಬಿತ್ತು. ಹನಿಗೂಡಿದರೆ ಹಳ್ಳವಂತೆ, ಕೂಡಲು ಹನ್ನೆರಡು ಹನಿಯಾದರೂ ಬೇಡವೇ?

ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಕೊನೆಗೆ ಬಾಗಿಲ ಸಂದಿಗೆ ಬಾಯಿಟ್ಟು, “ಏ, ಇವಳೇ… ಇನ್ನೊಂದು ಚೊಂಬು ನೀರು ಕೊಡೇ,” ಎಂದೆ.

ಹೊರಗಿನಿಂದ ಉತ್ತರ: “ಏನಂದ್ರಿ? ನೀರಿನ ಸದ್ದಿಗೆ ಕೇಳಿಸಲಿಲ್ಲ.”

ನೀರೇ ಇರಲಿಲ್ಲ, ಸದ್ದೆಲ್ಲಿಯದು! “ಸಾಲಲಿಲ್ಲ!” ಎಂದು ಕೂಗಿದೆ. ಪಕ್ಕದ ಮನೆಗೂ ಕೇಳಿಸಿರಬೇಕು. ಬಾಗಿಲ ಸಂದಿಯಿಂದ ಚೊಂಬು ಬಂತು. ಒಂದು ಜೀವಮಾನದ ಸಂಶೋಧನೆ ಮಾಡಿ ಕೊನೆಗೆ ಕೈಗೆ ಬಂದದ್ದು ಚೊಂಬೇ. ಆ ಕಡೆ ಇವಳು ನಗುತ್ತಿದ್ದಳೋ ಅಳುತ್ತಿದ್ದಳೋ, ನನ್ನ ಕಣ್ಣು ಮುಚ್ಚಿತ್ತು.

ಟವೆಲ್ಲನ್ನು ಹಗ್ಗಕ್ಕೆ ಹಾಕಿ ಬಂದು ಯಾಕ್ಸಾರ್‌ಗೆ ಫೋನು ಮಾಡಿದೆ.

“ಸಾಲಲ್ಲ ಅಂತ ಬರ್ಕೋ.”

“ಯಾಕ್ ಸಾರ್? ಇಷ್ಟು ವರ್ಷ ಮನೇಲಿ ಒಂದ್ಸಲಾನೂ ನೋಡಿರಲಿಲ್ವಾ?”

ಈ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು. “ಆ ಗೆರೆ ಎಳೆದ ದಿನ,” ಎಂದೆ, “ನಾನು ಲ್ಯಾಬಿನಲ್ಲಿ ಸ್ನಾನ ಮುಗಿಸಿ ಬಂದಿದ್ದೆ. ಮೇಜಿನ ಮುಂದೆ ಕೂತು ಲೆಕ್ಕ ಹಾಕಿ ಎಳೆದೆ. ಆ ಬಕೆಟ್ಟಿನಲ್ಲಿ ನಾನು ಸ್ನಾನ ಮಾಡಿದ್ದು ಇವತ್ತೇ ಮೊದಲು.”

ಅವಳು ಮೆಲ್ಲಗೆ, “ಗೆರೆ ಮೇಲೆ ಇನ್ನೆಷ್ಟು ಚೊಂಬು ಬೇಕಾಯ್ತು ಸಾರ್?” ಎಂದಳು.

“ಒಂದು,” ಎಂದೆ.

“ಮೂರು!” ಎಂದು ಅಡುಗೆಮನೆಯಿಂದ ಇವಳು ಕೂಗಿದಳು.

ಮೂರೇ. ಬರ್ಕೋ ತಾಯಿ, ಮೂರು. ತಲೆಯಲ್ಲಿ ಒಂದು ಕೂದಲೂ ಇಲ್ಲದವನಿಗೆ.